ಮೆಲ್ಬರ್ನ್‌ಗೆ ಹೊಸದಾಗಿ ಬಂದವರಿಗೆ: ಯಾವುದಕ್ಕೆ ಎಷ್ಟು ಹೆದರಬೇಕು

ಮೆಲ್ಬರ್ನ್‌ಗೆ ಬಂದಿಳಿದ ಕನ್ನಡ ಕುಟುಂಬಗಳು ಮೊದಲ ತಿಂಗಳಲ್ಲೇ ತಮ್ಮ ಸಬರ್ಬಿನ ವಾಟ್ಸಾಪ್ ಗುಂಪನ್ನು ಸೇರಿಬಿಡುತ್ತವೆ. ಬಾಡಿಗೆ ಮನೆ, ಸೋನಾ ಮಸೂರಿ ಅಕ್ಕಿ, ಮಕ್ಕಳ ಶಾಲೆ ಮುಂತಾದ ಎಲ್ಲ ವಿಷಯಗಳ ಜೊತೆಗೆ, ನಡುರಾತ್ರಿ ಯಾರದೋ ಮನೆಬಾಗಿಲಲ್ಲಿ ಮುಖ ಮುಚ್ಚಿಕೊಂಡು ನಿಂತ ಹುಡುಗರ ಸಿಸಿಟಿವಿ ದೃಶ್ಯವೂ ಅಲ್ಲಿ ಬರುತ್ತದೆ. ಒಂದೇ ದೃಶ್ಯ ಮೂರು ಗುಂಪುಗಳಿಂದ ಬಂದಾಗ ಮೂರು ಮನೆಗಳಿಗೆ ಕಳ್ಳರು ನುಗ್ಗಿದಂತೆ ತೋರುತ್ತದೆ. ಊರಿನಲ್ಲಿ ಟಿವಿ ನೋಡಿದ ಅಪ್ಪ ಅಮ್ಮ ಅದೇ ವಾರ ಫೋನ್ ಮಾಡಿ, ‘ಅಲ್ಲಿ ಭಾರತೀಯರ ವಿರುದ್ಧ ಮೆರವಣಿಗೆ ನಡೀತಿದೆಯಂತೆ, ಹೊರಗೆ ಹೋಗಬೇಡಿ’ ಎಂದರೆ ಹೊಸಬರ ನಿದ್ದೆ ಕೆಡುವುದು ಸಹಜ. ಈ ಭಯಕ್ಕೆ ಆಧಾರವಿದೆ, ಆದರೆ ಅದು ಹೆಚ್ಚಿನ ಸಲ ಅಪಾಯ ಇಲ್ಲದ ದಿಕ್ಕಿಗೆ ತಿರುಗಿರುತ್ತದೆ ಎಂಬುದು ಇಲ್ಲಿ ಬಹುಕಾಲದಿಂದ ನೆಲೆಸಿರುವ ನನ್ನ ಅಭಿಪ್ರಾಯ.

ಈ ಭಯಕ್ಕೊಂದು ಚರಿತ್ರೆಯಿದೆ. 2009ರಲ್ಲಿ ಮೆಲ್ಬರ್ನಿನ ಪಶ್ಚಿಮ ಭಾಗದ ರೈಲುಗಳಲ್ಲಿ ಮತ್ತು ನಿಲ್ದಾಣಗಳ ಸುತ್ತಮುತ್ತ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ತಡರಾತ್ರಿ ಕೆಲಸ ಮುಗಿಸಿ ಒಂಟಿಯಾಗಿ ಮನೆಗೆ ಮರಳುತ್ತಿದ್ದವರೇ ಹೆಚ್ಚಾಗಿ ಗುರಿಯಾದರು. ಆ ವರ್ಷದ ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ಮೆರವಣಿಗೆ ನಡೆಸಿ, ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಮುಂದಿನ ರಸ್ತೆಯಲ್ಲಿಯೇ ಧರಣಿ ಕುಳಿತರು. 2010ರ ಜನವರಿಯಲ್ಲಿ ಭಾರತೀಯ ಯುವಕನೊಬ್ಬನ ಕೊಲೆಯಾದ ಬಳಿಕ ಭಾರತ ಸರ್ಕಾರವು ತನ್ನ ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಸೂಚನೆ ಹೊರಡಿಸಿತು. 2015ರ ಮಾರ್ಚ್‌ನಲ್ಲಿ ಸಿಡ್ನಿಯ ಪ್ಯಾರಮಟ್ಟ ಪಾರ್ಕ್ ಮೂಲಕ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಕರ್ನಾಟಕದ ಐಟಿ ಉದ್ಯೋಗಿಯೊಬ್ಬರು ಕೊಲೆಯಾದಾಗ, ಆ ಸುದ್ದಿ ಮಂಗಳೂರಿನಿಂದ ಮೆಲ್ಬರ್ನಿನವರೆಗೆ ನಮ್ಮವರನ್ನೆಲ್ಲ ತಲ್ಲಣಗೊಳಿಸಿತು. ಇಂಥ ಘಟನೆಗಳು ನಡೆದೇ ಇಲ್ಲವೆಂಬಂತೆ ಮಾತನಾಡುವವರನ್ನು ನಂಬಬೇಕಾಗಿಲ್ಲ.

ಹಾಗೆಯೇ ಭಯವನ್ನು ಬೆಳೆಸಿ ಬಳಸಿಕೊಳ್ಳುವವರನ್ನೂ ನಂಬಬೇಕಾಗಿಲ್ಲ. 2018ರ ಜನವರಿಯಲ್ಲಿ ಆಗಿನ ಕೇಂದ್ರ ಗೃಹ ವ್ಯವಹಾರಗಳ ಸಚಿವ ಪೀಟರ್ ಡಟನ್ ಅವರು, ‘ಆಫ್ರಿಕನ್ ಗ್ಯಾಂಗ್’ಗಳ ಕಾರಣ ಮೆಲ್ಬರ್ನ್ ಜನ ರಾತ್ರಿ ಊಟಕ್ಕೆ ಹೊರಗೆ ಹೋಗಲು ಹೆದರುತ್ತಿದ್ದಾರೆ ಎಂಬರ್ಥದ ಮಾತನ್ನಾಡಿದರು. ತುಂಬಿದ ಹೋಟೆಲುಗಳಲ್ಲಿ ಕುಳಿತ ಮೆಲ್ಬರ್ನಿಗರು ಅದನ್ನು ಗೇಲಿ ಮಾಡಿದರು. ಅದೇ ನವೆಂಬರಿನ ರಾಜ್ಯ ಚುನಾವಣೆಯಲ್ಲಿ, ಅಪರಾಧವನ್ನೇ ಮುಖ್ಯ ವಿಷಯ ಮಾಡಿಕೊಂಡಿದ್ದ ವಿರೋಧ ಪಕ್ಷ ಹೀನಾಯವಾಗಿ ಸೋತಿತು. ಆದರೆ ಆ ವರ್ಷವಿಡೀ ಇಲ್ಲಿನ ದಕ್ಷಿಣ ಸುಡಾನ್ ಮೂಲದ ಮಕ್ಕಳು ಅಂಗಡಿಗೆ ಕಾಲಿಟ್ಟರೂ ಅನುಮಾನದ ನೋಟ ಎದುರಿಸಬೇಕಾಯಿತು. ನಮ್ಮ ಗುಂಪುಗಳಲ್ಲಿ ಸಿಸಿಟಿವಿ ಚಿತ್ರದ ಕೆಳಗೆ ಮೈಬಣ್ಣದ ಬಗ್ಗೆ ಟಿಪ್ಪಣಿ ಬರೆಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ವದಂತಿಯ ಬದಲು ಅಂಕಿ ಅಂಶ ಬೇಕೆಂದರೆ, ವಿಕ್ಟೋರಿಯಾದ ಕ್ರೈಮ್ ಸ್ಟ್ಯಾಟಿಸ್ಟಿಕ್ಸ್ ಏಜೆನ್ಸಿಯು ಮೂರು ತಿಂಗಳಿಗೊಮ್ಮೆ ಕೌನ್ಸಿಲ್‌ವಾರು, ಅಂದರೆ ಸ್ಥಳೀಯ ಆಡಳಿತ ಪ್ರದೇಶವಾರು, ವಿವರ ಪ್ರಕಟಿಸುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಆ ಕೆಲಸ ಮಾಡುವುದು ಬೋಕ್ಸಾರ್ ಎಂಬ ಸಂಸ್ಥೆ. ನೋಡುವಾಗ ಪ್ರಕರಣಗಳ ಒಟ್ಟು ಸಂಖ್ಯೆಯನ್ನು ಬಿಟ್ಟು ಲಕ್ಷ ಜನರಿಗೆ ಎಷ್ಟು ಎಂಬ ದರವನ್ನು ನೋಡಬೇಕು. ಟಾರ್ನೀಟ್, ಪಾಯಿಂಟ್ ಕುಕ್‌ಗಳಿರುವ ವಿಂಡಮ್ ಕೌನ್ಸಿಲಿನಂಥ ಕಡೆ ಜನಸಂಖ್ಯೆಯೇ ವೇಗವಾಗಿ ಏರುತ್ತಿರುವುದರಿಂದ ಬರೀ ಸಂಖ್ಯೆ ದಾರಿ ತಪ್ಪಿಸುತ್ತದೆ.

ಆ ಅಂಕಿಗಳು ಈಚೆಗೆ ಸ್ಪಷ್ಟವಾಗಿ ಹೇಳುತ್ತಿರುವ ಸಂಗತಿಯೆಂದರೆ ಕಾರು ಕಳವು ಮತ್ತು ಮನೆಗಳವು ಏರಿವೆ ಎಂಬುದು. ಪತ್ರಿಕೆಗಳಲ್ಲಿ ಬರುವ ‘ಆಗ್ರವೇಟೆಡ್ ಬರ್ಗ್ಲರಿ’ ಎಂಬ ಮಾತು ಕೇಳಿದ ಕೂಡಲೇ ರಕ್ತಪಾತವನ್ನು ಕಲ್ಪಿಸಿಕೊಳ್ಳುವುದು ಬೇಡ. ಕಳ್ಳ ಒಳಹೊಕ್ಕಾಗ ಮನೆಯಲ್ಲಿ ಯಾರಾದರೂ ಇದ್ದಾರೆಂದು ಅವನಿಗೆ ಗೊತ್ತಿದ್ದರೆ, ಅಥವಾ ಅವನ ಕೈಯಲ್ಲಿ ಆಯುಧವಿದ್ದರೆ, ಕಾನೂನು ಅದನ್ನು ಹಾಗೆ ಕರೆಯುತ್ತದೆ. ಮನೆಯವರು ಮಲಗಿದ್ದು ಬೆಳಿಗ್ಗೆ ಎದ್ದ ಮೇಲೆ ತಿಳಿದ ಕಳವೂ ಅದರಲ್ಲಿ ಸೇರಬಹುದು. ಇಂಥ ಕಳ್ಳರಿಗೆ ಬೇಕಾಗಿರುವುದು ಹೆಚ್ಚಾಗಿ ಕಾರಿನ ಕೀ. ಎಷ್ಟೋ ಸಲ ಅವರು ಬಾಗಿಲು ಒಡೆಯುವುದೂ ಇಲ್ಲ, ಬೀಗ ಹಾಕದ ಬಾಗಿಲನ್ನು ಹುಡುಕಿಕೊಂಡು ಬರುತ್ತಾರೆ. ಆದ್ದರಿಂದ ಹಿತ್ತಲ ಕಡೆಯ ಜಾರುಬಾಗಿಲಿಗೂ, ಗ್ಯಾರೇಜಿನಿಂದ ಮನೆಯೊಳಕ್ಕೆ ಬರುವ ಬಾಗಿಲಿಗೂ ಪ್ರತಿ ರಾತ್ರಿ ಬೀಗ ಹಾಕಿ. ಗ್ಯಾರೇಜಿನ ರಿಮೋಟನ್ನು ಹೊರಗೆ ನಿಲ್ಲಿಸಿದ ಕಾರಿನಲ್ಲಿ ಬಿಡುವುದೆಂದರೆ ಮನೆಯ ಕೀಯನ್ನೇ ಹೊಸ್ತಿಲ ಮೇಲೆ ಇಟ್ಟಂತೆ. ಕೀ ಇಲ್ಲದೆಯೂ ಎಲೆಕ್ಟ್ರಾನಿಕ್ ಸಾಧನದಿಂದ ಕಾರು ಶುರು ಮಾಡುವ ಕಳ್ಳರಿರುವುದರಿಂದ ಹಳೆಯ ಕಾಲದ ಸ್ಟೀರಿಂಗ್ ಲಾಕ್ ಮತ್ತೆ ಉಪಯೋಗಕ್ಕೆ ಬಂದಿದೆ. ಯಾರಾದರೂ ಒಳಗೆ ಬಂದರೆ ಎದುರಿಸಲು ಹೋಗದೆ ಕೀ ಬಿಟ್ಟುಕೊಡಿ, ಕಾರಿಗೆ ವಿಮೆಯಿದೆ.

ಚಿನ್ನದ ವಿಷಯ ಬೇರೆ. ಭಾರತೀಯರ ಮನೆಯಲ್ಲಿ ಒಡವೆ ಇರುತ್ತದೆಂಬುದು ಇಲ್ಲಿ ಗುಟ್ಟಾಗಿ ಉಳಿದಿಲ್ಲ. ಮದುವೆಯ ಒಡವೆಯನ್ನೆಲ್ಲ ಬೀರುವಿನಲ್ಲಿಟ್ಟು, ಊರಿಗೆ ಹೊರಟ ವಿಮಾನ ನಿಲ್ದಾಣದ ಚಿತ್ರವನ್ನು ಫೇಸ್‌ಬುಕ್ಕಿನಲ್ಲಿ ಹಾಕುವವರು ಈಗಲೂ ಇದ್ದಾರೆ! ಮನೆಸಾಮಾನಿನ ವಿಮೆಯು ಒಡವೆಗೆ ಸಾಮಾನ್ಯವಾಗಿ ಒಂದು ಮಿತಿ ಇಟ್ಟಿರುತ್ತದೆ. ಬೆಲೆಬಾಳುವ ಒಡವೆಗಳನ್ನು ಮೌಲ್ಯಪತ್ರ ಮತ್ತು ಫೋಟೋಗಳೊಂದಿಗೆ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸದಿದ್ದರೆ ಪೂರ್ತಿ ಪರಿಹಾರ ಸಿಗುವುದಿಲ್ಲ. ಉಟ್ಟು ತೊಡುವಷ್ಟನ್ನು ಮಾತ್ರ ಇಲ್ಲಿಗೆ ತಂದು ಉಳಿದದ್ದನ್ನು ಊರಿನ ಬ್ಯಾಂಕ್ ಲಾಕರಿನಲ್ಲಿಯೇ ಇಡುವುದು ನನ್ನ ಸಲಹೆ.

ರಕ್ಷಣೆಗೆಂದು ಊರಿನಿಂದ ಪೆಪ್ಪರ್ ಸ್ಪ್ರೇ ತರಬೇಡಿ. ವಿಕ್ಟೋರಿಯಾದಲ್ಲಿ ಅದು ನಿಷಿದ್ಧ ಆಯುಧ. ತೆಂಗಿನಕಾಯಿ ಒಡೆಯಲೆಂದು ತಂದ ಮಚ್ಚೂ ಈಗ ತೊಂದರೆಗೆ ಸಿಲುಕಿಸಬಹುದು. 2025ರ ಮೇ ತಿಂಗಳಿನಲ್ಲಿ ನಾರ್ತ್‌ಲ್ಯಾಂಡ್ ಶಾಪಿಂಗ್ ಸೆಂಟರಿನಲ್ಲಿ ಯುವಕರು ಮಚ್ಚು ಹಿಡಿದು ಹೊಡೆದಾಡಿದ ನಂತರ ರಾಜ್ಯ ಸರ್ಕಾರವು ಅವುಗಳ ಮಾರಾಟವನ್ನು ನಿಲ್ಲಿಸಿತು, ಸೆಪ್ಟೆಂಬರ್ 1ರಿಂದ ಅವನ್ನು ಇಟ್ಟುಕೊಳ್ಳುವುದನ್ನೂ ನಿಷೇಧಿಸಿತು. ಅಡುಗೆಮನೆಯ ಚಾಕುವಿಗೆ ಈ ನಿಷೇಧವಿಲ್ಲ, ಆದರೆ ಸಕಾರಣವಿಲ್ಲದೆ ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಾಡುವಂತಿಲ್ಲ.

ಇನ್ನು ಪ್ರತಿಭಟನೆಗಳು. ವಿಕ್ಟೋರಿಯಾದಲ್ಲಿ ಮೆರವಣಿಗೆಗೆ ಪರವಾನಗಿ ಬೇಕಿಲ್ಲ. ಸಿಟಿಯಲ್ಲಿ, ಅದರಲ್ಲೂ ಸ್ಟೇಟ್ ಲೈಬ್ರರಿ ಮತ್ತು ಪಾರ್ಲಿಮೆಂಟಿನ ಮೆಟ್ಟಿಲುಗಳ ಬಳಿ, ಜನ ಸೇರುವುದು ಸಾಮಾನ್ಯ. 2023ರ ಅಕ್ಟೋಬರಿನಿಂದ ಪ್ಯಾಲೆಸ್ಟೈನ್ ಪರ ಮೆರವಣಿಗೆಗಳು ಎಷ್ಟೋ ಭಾನುವಾರ ಸ್ವಾನ್‌ಸ್ಟನ್ ಸ್ಟ್ರೀಟಿನಲ್ಲಿ ನಡೆದಿವೆ. ಅಲ್ಲಿಗೆ ಹೋದ ಸಾಮಾನ್ಯ ಪ್ರಯಾಣಿಕನಿಗೆ ಆಗುವ ತೊಂದರೆಯೆಂದರೆ ಬಹುಮಟ್ಟಿಗೆ ಟ್ರಾಮ್ ನಿಂತುಹೋಗುವುದು. ಬಂದ್ ದಿನದ ಬೆಂಗಳೂರನ್ನು ಕಂಡವರಿಗೆ ಇದು ಹೊಸದೇನಲ್ಲ. 2025ರ ಆಗಸ್ಟ್ 31ರ ‘ಮಾರ್ಚ್ ಫಾರ್ ಆಸ್ಟ್ರೇಲಿಯಾ’ ಮಾತ್ರ ಬೇರೆಯದಾಗಿತ್ತು. ವಲಸೆಯ ವಿರುದ್ಧದ ಆ ಮೆರವಣಿಗೆಯ ಪ್ರಚಾರಪತ್ರದಲ್ಲಿ ಭಾರತೀಯರ ಹೆಸರನ್ನೇ ಎತ್ತಿ ಹೇಳಲಾಗಿತ್ತು, ಮೆಲ್ಬರ್ನಿನಲ್ಲಿ ನವನಾಜಿಗಳು ಬಹಿರಂಗವಾಗಿ ವೇದಿಕೆ ಏರಿದರು. ಕೇಂದ್ರ ಸರ್ಕಾರ ಅದನ್ನು ಖಂಡಿಸಿತು. ಅಂಥ ದಿನ ಸಿಟಿಗೆ ಹೋಗದಿರುವುದು ಹೇಡಿತನವಲ್ಲ, ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂರುವ ಅಗತ್ಯವೂ ಇಲ್ಲ. ನಿಮ್ಮ ಸಬರ್ಬಿನ ಪಾರ್ಕಿನಲ್ಲಿ ಅಂದು ಎಂದಿನಂತೆ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ.

ನಮ್ಮೂರ ಜಗಳಗಳನ್ನು ಇಲ್ಲಿಯ ಬೀದಿಗೆ ತರಬೇಡಿ ಎಂದು ಯುವಕರಿಗೆ ವಿಶೇಷವಾಗಿ ಹೇಳಬೇಕು. 2023ರ ಜನವರಿಯಲ್ಲಿ ಫೆಡರೇಶನ್ ಸ್ಕ್ವೇರಿನಲ್ಲಿ ಖಾಲಿಸ್ತಾನ್ ಬೆಂಬಲಿಗರಿಗೂ ಭಾರತದ ಧ್ವಜ ಹಿಡಿದವರಿಗೂ ಹೊಡೆದಾಟವಾಗಿ ಕೆಲವರ ಬಂಧನವಾಯಿತು. ಶಾಂತಿಯಿಂದ ಘೋಷಣೆ ಕೂಗುವುದು ನಿಮ್ಮ ಹಕ್ಕು. ಕೈ ಮಾಡಿ ಅಪರಾಧ ಸಾಬೀತಾದರೆ ತಾತ್ಕಾಲಿಕ ವೀಸಾ ರದ್ದಾಗಲು ಜೈಲುಶಿಕ್ಷೆಯೇ ಆಗಬೇಕೆಂದಿಲ್ಲ.

ರಾತ್ರಿ ರೈಲಿನಲ್ಲಿ ಬರುವವರು ಚಾಲಕನ ಹತ್ತಿರದ ಮೊದಲ ಬೋಗಿಯಲ್ಲಿ ಕುಳಿತುಕೊಳ್ಳಿ. 2012ರಿಂದ ನಿಲ್ದಾಣಗಳಲ್ಲಿ ಕಾಣುವ ಪಿಎಸ್‌ಒ (ಪೊಲೀಸ್ ಇಲಾಖೆಯ ರಕ್ಷಣಾ ಸಿಬ್ಬಂದಿ) ಅಧಿಕಾರಿಗಳಿಗೆ ಬಂಧಿಸುವ ಅಧಿಕಾರವಿದೆ. ಕಾರಿನವರೆಗೆ ಜೊತೆಗೆ ಬನ್ನಿ ಎಂದು ಕೇಳಲು ಸಂಕೋಚ ಬೇಡ.

ಯಾವ ಗುಂಪಿನಲ್ಲಿಯೂ ಸಿಸಿಟಿವಿ ದೃಶ್ಯವಾಗಿ ಬಾರದ ಅಪರಾಧವೊಂದಿದೆ. ಇಲ್ಲಿ ದಾಖಲಾಗುವ ಹಲ್ಲೆಗಳಲ್ಲಿ ಬಹಳಷ್ಟು ನಡೆಯುವುದು ಮನೆಯೊಳಗೆ, ಪರಿಚಿತರಿಂದ, ಹೆಚ್ಚಾಗಿ ಹೆಂಗಸರ ಮೇಲೆ. ನಮ್ಮ ಸಮುದಾಯವೂ ಇದಕ್ಕೆ ಹೊರತಲ್ಲ, ಮಾನ ಹೋದೀತೆಂದು ಮುಚ್ಚಿಡುವುದರಲ್ಲಂತೂ ಮುಂದಿದ್ದೇವೆ. ಗಂಡನ ವೀಸಾದ ಮೇಲೆ ಬಂದವಳು ದೂರು ಕೊಟ್ಟರೆ ಊರಿಗೆ ಅಟ್ಟುತ್ತಾರೆಂಬ ಬೆದರಿಕೆಗೆ ಹೆದರಬೇಡಿ. ಪಾರ್ಟ್ನರ್ ವೀಸಾದ ನಿಯಮಗಳಲ್ಲಿ ಹಿಂಸೆಗೊಳಗಾದವರಿಗೆ ರಕ್ಷಣೆಯಿದೆ. ಕೌಟುಂಬಿಕ ಹಿಂಸೆಯ ಸಹಾಯವಾಣಿ 1800 737 732ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಪ್ರಾಣಾಪಾಯವಿದ್ದರೆ 000, ಕಳವಾದದ್ದು ತಡವಾಗಿ ತಿಳಿದರೆ ಪೊಲೀಸರ ತುರ್ತಲ್ಲದ ಸಂಖ್ಯೆ 131 444. ಇಂಗ್ಲಿಷಿನಲ್ಲಿ ಹೇಳಲು ತೊಡಕಾದರೆ ‘ಕನ್ನಡ’ ಎಂದು ಹೇಳಿ ದುಭಾಷಿಯನ್ನು ಕೇಳಿ, ಅಥವಾ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ. ಊರಿನಿಂದ ಬಂದ ಅತ್ತೆ ಮಾವ, ಅಪ್ಪ ಅಮ್ಮ ಹಗಲಿಡೀ ಮನೆಯಲ್ಲಿ ಒಬ್ಬರೇ ಇರುವುದರಿಂದ ಈ ಸಂಖ್ಯೆಗಳನ್ನೂ ಮನೆಯ ಪೂರ್ತಿ ವಿಳಾಸವನ್ನೂ ಕನ್ನಡ ಅಕ್ಷರಗಳಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಡಿ.