ಮನೆಯವರು ಕಾಣೆಯಾದಾಗ: ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಮನೆಯವರೊಬ್ಬರು ಬರಬೇಕಾದ ಹೊತ್ತಿಗೆ ಬಂದಿಲ್ಲ, ಫೋನೂ ಎತ್ತುತ್ತಿಲ್ಲ, ಮನಸ್ಸು ಕೆಡುಕು ಶಂಕಿಸುತ್ತಿದೆ ಎಂದರೆ ಪೊಲೀಸರಿಗೆ ಫೋನ್ ಮಾಡಿ. 24 ಗಂಟೆ ಕಾಯಬೇಕು ಅನ್ನುವ ಮಾತು ನಮ್ಮವರಲ್ಲಿ ಹೇಗೋ ಬೇರೂರಿಬಿಟ್ಟಿದೆ. ಇಲ್ಲಿ ಅಂಥ ನಿಯಮವೇ ಇಲ್ಲ. ಮಗು, ಮರೆವಿನ ಕಾಯಿಲೆಯ ಹಿರಿಯರು, ಜೀವಕ್ಕೆ ಏನಾದರೂ ಮಾಡಿಕೊಂಡಾರು ಎಂಬ ಭಯ ಇರುವವರು ಕಾಣೆಯಾಗಿದ್ದರೆ ನೇರವಾಗಿ 999. ಉಳಿದಂತೆ 101, ಇಲ್ಲಿ ಅದು ತುರ್ತಲ್ಲದ ವಿಷಯಕ್ಕೆ ಪೊಲೀಸರ ನಂಬರು. ಇಂಗ್ಲಿಷಿನಲ್ಲಿ ಹೇಳಲಾಗದಿದ್ದರೆ ದುಭಾಷಿ ಬೇಕೆಂದು ಕೇಳಿ. ದೂರು ಕೊಡಲು ರಕ್ತಸಂಬಂಧಿಯೇ ಆಗಬೇಕಿಲ್ಲ, ರೂಮ್‌ಮೇಟ್ ಕೊಟ್ಟರೂ ಆಗುತ್ತದೆ.

ಇಂಥ ಹೊತ್ತಿನಲ್ಲಿ ಕೆಲವು ಮನೆಗಳಲ್ಲಿ ನಾನು ಜೊತೆಗೆ ಕೂತಿದ್ದೇನೆ. ಮೊದಲ ಫೋನು ಭಾವನಿಗೆ ಹೋಗುತ್ತದೆ, ಆಮೇಲೆ ಊರಿಗೆ, ಆಮೇಲೆ ವಾಟ್ಸಾಪ್ ಗುಂಪಿಗೆ. ಪೊಲೀಸರ ನೆನಪಾಗುವುದು ಕೊನೆಗೆ. ನಮ್ಮಲ್ಲಿ ಠಾಣೆ ಮೆಟ್ಟಿಲು ಹತ್ತುವುದೆಂದರೆ ಮರ್ಯಾದೆಯ ಪ್ರಶ್ನೆ, ಅರ್ಥವಾಗುತ್ತದೆ. ಆದರೆ ಬಸ್ಸಿನ, ಅಂಗಡಿಯ ಕ್ಯಾಮೆರಾ ರೆಕಾರ್ಡಿಂಗ್ ಅಳಿಸಿಹೋಗುವುದು, ಚಳಿಯಲ್ಲಿ ಸ್ವೆಟರಿಲ್ಲದೆ ಹೊರಗೆ ಹೋದ ಜೀವ ಸೋಲುವುದು ನೀವು ನೆಂಟರನ್ನು ಕೇಳುತ್ತಾ ಕಳೆಯುವ ಹೊತ್ತಿನಲ್ಲೇ.

ಬಂದ ಪೊಲೀಸರು ಮೊದಲು ನಿಮ್ಮ ಮನೆಯನ್ನೇ ಹುಡುಕುತ್ತಾರೆ. ಅಟ್ಟ, ಗ್ಯಾರೇಜು, ಬಟ್ಟೆಯ ಬೀರು, ಮಂಚದ ಕೆಳಗೆ, ಮೆಟ್ಟಿಲ ಅಡಿಯ ಗೂಡು, ದೇವರ ಕೋಣೆಯೂ ಸೇರಿ. ನಮ್ಮ ಮೇಲೆ ಅನುಮಾನವೇ ಎಂದು ನೊಂದುಕೊಳ್ಳಬೇಡಿ. ಕಾಣೆಯಾದವರು ಮನೆಯೊಳಗೇ ಎಲ್ಲೋ ಕುಸಿದು ಬಿದ್ದಿದ್ದ ಉದಾಹರಣೆಗಳಿವೆ, ಅದಕ್ಕೇ ಹಾಗೆ ಮಾಡುತ್ತಾರೆ. ಅವರು ಬರುವ ಮುಂಚೆ ಕೋಣೆ ಗುಡಿಸಿ ಅಚ್ಚುಕಟ್ಟು ಮಾಡಲು ಹೋಗಬೇಡಿ. ಹಲ್ಲುಜ್ಜುವ ಬ್ರಷ್, ತಲೆ ಬಾಚುವ ಬಾಚಣಿಗೆ, ದಿಂಬಿನ ಕವರು ಇದ್ದಲ್ಲೇ ಇರಲಿ. ಡಿಎನ್‌ಎ ಪರೀಕ್ಷೆಗೆ, ನಾಯಿಗೆ ವಾಸನೆ ಹಿಡಿಸಲು ಅವೇ ಬೇಕಾಗುತ್ತವೆ. ಜಗಳವಾಗಿದ್ದರೆ ಜಗಳವಾಗಿದೆ ಎಂದೇ ಹೇಳಿ. ಸಾಲ, ಪರೀಕ್ಷೆಯಲ್ಲಿ ಫೇಲು, ಖಿನ್ನತೆಯ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಅಪಾಯ ಎಷ್ಟು, ಎಷ್ಟು ಜನರನ್ನು ಹುಡುಕಲು ಕಳಿಸಬೇಕು ಎಂದು ಅವರು ತೀರ್ಮಾನಿಸುವುದು ನೀವು ಹೇಳಿದ್ದರ ಮೇಲೆ.

ನಮ್ಮ ಹೆಸರುಗಳ ಬಗ್ಗೆ ವಿಶೇಷವಾಗಿ ಎಚ್ಚರಿಸಬೇಕು. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರ ಹೆಸರೋ ಕೊನೆಯ ಹೆಸರಾಗಿ ಕೂತಿರುತ್ತದೆ, ಮನೆಯಲ್ಲಿ ಕರೆಯುವುದು ಇನ್ನೊಂದು. ಆಸ್ಪತ್ರೆಗೆ ಸೇರಿದ ನಿಮ್ಮ ಅಮ್ಮ ತನ್ನ ಹೆಸರು ‘ಸಾವಿತ್ರಮ್ಮ’ ಅಂದಿರುತ್ತಾರೆ, ಪೊಲೀಸರು ‘ತಿಪಟೂರು’ ಎಂದು ಹುಡುಕುತ್ತಿರುತ್ತಾರೆ. ಇರುವ ಎಲ್ಲ ಹೆಸರೂ, ದಾಖಲೆಯ ಹುಟ್ಟಿದ ದಿನವೂ, ನಿಜವಾದದ್ದೂ ಬರೆದುಕೊಡಿ.

ಅಪ್ಪ ಅಮ್ಮ ಆರು ತಿಂಗಳಿಗೆಂದು ಬಂದಾಗ ನನಗೆ ಅತಿ ಹೆಚ್ಚು ಭಯವಾಗುವುದು. ಊರಲ್ಲಾದರೆ ಹೂವಿನವಳು, ಕಿರಾಣಿ ಅಂಗಡಿಯವರು, ಕಟ್ಟೆಯ ಮೇಲೆ ಕೂತವರು ‘ಈಗ ತಾನೇ ಮಠದ ಕಡೆ ಹೋದರು’ ಎಂದು ಹೇಳುತ್ತಿದ್ದರು. ಕೇಳದೆಯೇ ನೋಡಿಕೊಳ್ಳುವ ಆ ಕಣ್ಣುಗಳನ್ನೆಲ್ಲ ಬಿಟ್ಟು ಅವರು ಇಲ್ಲಿಗೆ ಬಂದಿದ್ದಾರೆ; ಅಷ್ಟು ದೊಡ್ಡ ನಷ್ಟ ನಾವು ಮಾಡಿಸಿದ್ದೇವೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ಇಲ್ಲಿ ಬೀದಿಯ ಎಲ್ಲ ಮನೆಯೂ ಒಂದೇ ಕೆಂಪು ಇಟ್ಟಿಗೆ, ಒಂದೇ ಬಾಗಿಲು. ಬಂದ ವಾರದಲ್ಲೇ ಅಕ್ಕಪಕ್ಕದವರ ಬಾಗಿಲು ತಟ್ಟಿ ಪರಿಚಯ ಮಾಡಿಸಿ, ವಿಳಾಸ ಮತ್ತು ನಿಮ್ಮ ನಂಬರಿನ ಚೀಟಿ ಜೇಬಿಗೆ ಹಾಕಿ. ಮಕ್ಕಳಿಗೂ ಅಜ್ಜಿಯ ಪೂರ್ತಿ ಹೆಸರು ಕಲಿಸಿ. ನಮ್ಮ ಎಷ್ಟೋ ಮಕ್ಕಳಿಗೆ ಅದು ಗೊತ್ತಿಲ್ಲ.

ಮರೆವು ಶುರುವಾಗಿದ್ದರೆ, ಕಾಣೆಯಾದಾಗ ಪೊಲೀಸರಿಗೆ ಬೇಕಾಗುವ ವಿವರಗಳನ್ನು ಮೊದಲೇ ಬರೆದಿಡುವ ‘ಹರ್ಬರ್ಟ್ ಪ್ರೋಟೋಕಾಲ್’ ಅರ್ಜಿಯನ್ನು ಈಗಲೇ ತುಂಬಿಡಿ, ನಿಮ್ಮ ಜಿಲ್ಲೆಯ ಪೊಲೀಸ್ ವೆಬ್‌ಸೈಟಿನಲ್ಲಿ ಹುಡುಕಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹೋರಾಡಿದ್ದ ಜಾರ್ಜ್ ಹರ್ಬರ್ಟ್ ಎಂಬ ಸೈನಿಕನ ಹೆಸರು ಅದಕ್ಕೆ. ಮರೆವು ಬಂದ ಆತ ಬಾಲ್ಯದ ಮನೆ ಹುಡುಕಿಕೊಂಡು ಹೊರಟು ದಾರಿಯಲ್ಲೇ ತೀರಿಕೊಂಡರು. ನಮ್ಮ ಹಿರಿಯರ ಬಾಲ್ಯದ ಮನೆ ಸಮುದ್ರದಾಚೆ ಇದೆ, ಆದರೂ ಅವರು ಹೊರಡುತ್ತಾರೆ. ಕೆರೆಯಂತೆ ಕಾಣುವ ನೀರು, ಗಂಟೆ ಬಾರಿಸುವ ಚರ್ಚು, ಬಸ್ ನಿಲ್ದಾಣ, ಅವರನ್ನು ಸೆಳೆಯುವಂಥ ಜಾಗಗಳನ್ನೆಲ್ಲ ಆ ಅರ್ಜಿಯಲ್ಲಿ ಬರೆಯಿರಿ.

ವಯಸ್ಕರ ವಿಷಯದಲ್ಲಿ ಒಂದು ಕಷ್ಟದ ಮಾತಿದೆ. ಪತ್ತೆಯಾದವರು ತಾವಿರುವ ಜಾಗ ಹೇಳಬೇಡಿ ಎಂದರೆ ಪೊಲೀಸರು ಹೇಳುವುದಿಲ್ಲ. ‘ಕ್ಷೇಮವಾಗಿದ್ದಾರೆ’ ಅಷ್ಟೇ. ಹೆತ್ತವರಿಗೆ ಇದು ಕ್ರೌರ್ಯ ಅನ್ನಿಸುತ್ತದೆ. ಆದರೆ ಹೊಡೆತ ತಿಂದು, ಒತ್ತಾಯದ ಮದುವೆಗೆ ಹೆದರಿ ಮನೆ ಬಿಟ್ಟ ಹೆಣ್ಣುಮಕ್ಕಳು ಬದುಕಿಕೊಂಡಿರುವುದು ಇದೇ ನಿಯಮದಿಂದ. ಅದು ಸರಿ ಎಂದೇ ನನ್ನ ನಂಬಿಕೆ. ‘ಮಿಸ್ಸಿಂಗ್ ಪೀಪಲ್’ ಸಂಸ್ಥೆಯ ಉಚಿತ ಸಹಾಯವಾಣಿ 116 000. ಕಾಣೆಯಾದವರು ಮನೆಗೆ ಸುದ್ದಿ ಮುಟ್ಟಿಸಬೇಕೆಂದರೆ ಅದರ ಮೂಲಕ ಮುಟ್ಟಿಸಬಹುದು.

ಇಲ್ಲಿ ಕಾಣೆಯಾದವರ ಹೆತ್ತವರು ಊರಿನಲ್ಲಿದ್ದರೆ ಅವರಿಗೆ ಅಲ್ಲಿಂದ 999 ಸಿಗುವುದಿಲ್ಲ. ಇಲ್ಲಿರುವ ನೀವೇ ದೂರು ಕೊಟ್ಟು, ಕೇಸಿನ ನಂಬರು ಅವರಿಗೆ ಕಳಿಸಿ, ಭಾರತದ ಹೈಕಮಿಷನ್‌ಗೂ, ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ಭಾರತ ಸರ್ಕಾರ ನಡೆಸುವ ‘ಮದದ್’ ಪೋರ್ಟಲ್‌ಗೂ ತಿಳಿಸಿ. ಹಣ ಕೇಳಿ ಫೋನ್ ಬಂದರೆ ಒಂದು ಪೈಸೆಯೂ ಕೊಡದೆ ಪೊಲೀಸರಿಗೆ ಹೇಳಿ.

ದಿನಗಳು ತಿಂಗಳಾದರೆ: ಕಾಣೆಯಾದ ಗಂಡನ ಒಬ್ಬರದೇ ಹೆಸರಿನ ಖಾತೆ, ಮನೆ ಸಾಲದ ಬಗ್ಗೆ ಬ್ಯಾಂಕು ಹೆಂಡತಿಯ ಜೊತೆ ಮಾತೇ ಆಡುವುದಿಲ್ಲ. ಅದಕ್ಕೆಂದೇ ಬಂದ 2017ರ ಗಾರ್ಡಿಯನ್‌ಶಿಪ್ ಕಾಯ್ದೆ 2019ರ ಜುಲೈ ಕೊನೆಯಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ 90 ದಿನ ಕಳೆದ ಮೇಲೆ ಹೈಕೋರ್ಟಿಗೆ ಅರ್ಜಿ ಹಾಕಿದರೆ ಗರಿಷ್ಠ 4 ವರ್ಷಕ್ಕೆ ಆಸ್ತಿ ನೋಡಿಕೊಳ್ಳುವ ಅಧಿಕಾರ ಸಿಗುತ್ತದೆ. ಮರಣ ಹೊಂದಿದ್ದಾರೆಂದು ಘೋಷಿಸಲು 2013ರ ಕಾಯ್ದೆಯಿದೆ; 7 ವರ್ಷ ಸುದ್ದಿಯಿಲ್ಲದಿರಬೇಕು, ಇಲ್ಲವೇ ತೀರಿಕೊಂಡಿದ್ದಾರೆ ಎನ್ನಲು ಆಧಾರವಿರಬೇಕು. ಸ್ಕಾಟ್ಲೆಂಡಿನ ಕಾನೂನು ಬೇರೆ. ವಕೀಲರಿಲ್ಲದೆ ಇವಕ್ಕೆ ಕೈಹಾಕಬೇಡಿ.

ಸಿಕ್ಕಿದರು, ಮನೆಗೆ ಬಂದರು ಎಂದಾಗ ಪೊಲೀಸರಿಗೆ ತಿಳಿಸಿ. ಅವರು ಒಮ್ಮೆ ಬಂದು ಮಾತಾಡಿಸುತ್ತಾರೆ. ಬಂದವರಿಗೆ ಮೊದಲು ಊಟ ಹಾಕಿ, ಮಲಗಲು ಬಿಡಿ, ಎಲ್ಲಿಗೆ ಹೋಗಿದ್ದೆ ಎಂಬ ವಿಚಾರಣೆ ಅಂದೇ ಬೇಡ. ಗುಂಪುಗಳಿಗೆ ಹಾಕಿದ ಫೋಟೊ, ಹೆಸರು, ನಂಬರು ಎಲ್ಲವನ್ನೂ ಅಳಿಸಿ, ಫಾರ್ವರ್ಡ್ ಮಾಡಿದವರಿಗೂ ಅಳಿಸಲು ಹೇಳಿ. ಇಲ್ಲದಿದ್ದರೆ ಮನೆಗೆ ಮರಳಿದ ಹುಡುಗಿ ಮುಂದೆ ಕೆಲಸ ಹುಡುಕುವಾಗ, ಮದುವೆ ಮಾತು ನಡೆಯುವಾಗ ಅದೇ ಫೋಟೊ ಮತ್ತೆ ತಿರುಗಾಡುತ್ತಿರುತ್ತದೆ.