‘ನಮ್ಮಲ್ಲೂ ಹಾಗೇ’ ಅನ್ನುವವರ ಜೊತೆ ಏಷ್ಯಾ ಓದಿದ್ದು

ಏಷ್ಯಾದ ದೇಶಗಳ ಬಗ್ಗೆ ಕೂತು ಓದುವ ಒಂದು ಕನ್ನಡ ಗುಂಪು ಕಟ್ಟಿದೆ; ಮೊದಲನೇ ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮುಂಬೈಯ ಮಾಟುಂಗಾದ ಕನ್ನಡದವರಿಗೆ ಕಾರ್ಯಕ್ರಮಗಳ ಬರ ಇಲ್ಲ. ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆ, ಸನ್ಮಾನ ಎಲ್ಲ ಊರಲ್ಲಿ ನಡೆಯುತ್ತಲೇ ಇರುತ್ತವೆ. ಆದರೆ ಹತ್ತು ಜನ ಕೂತು ಓದಿ, ಓದಿದ್ದರ ಮೇಲೆ ಜಗಳ ಆಡುವ ಜಾಗ ನನಗೆ ಸಿಕ್ಕಿರಲಿಲ್ಲ. ಬ್ಯಾಂಕಿನಿಂದ ನಿವೃತ್ತಿ ಆದಮೇಲೆ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸನ್ನೇ ಕೇಳಿದೆ. ಹದಿನೆಂಟು ಪ್ಲಾಸ್ಟಿಕ್ ಕುರ್ಚಿ, ಒಂದು ಫ್ಯಾನು, ಬಾಡಿಗೆ ಇಲ್ಲ.

ಏಷ್ಯಾ ಯಾಕೆ ಅಂದರೆ, ನಮ್ಮವರಿಗೆ ನ್ಯೂಜೆರ್ಸಿಯ ಹಾಲಿನ ದರ ಗೊತ್ತು, ಮಕ್ಕಳು ಅಲ್ಲಿದ್ದಾರೆ. ಚೀನಾ ಅಂದರೆ ಮಾತ್ರ 1962ರ ಯುದ್ಧ. ಸೋಲಾಪುರದಲ್ಲಿ ಹುಟ್ಟಿ, ಇಲ್ಲೇ ಪರೇಲಿನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋಗಿ, ಗಾಯಗೊಂಡ ಸೈನಿಕರಿಗೆ ಆಪರೇಷನ್ ಮಾಡುತ್ತಾ 1942ರಲ್ಲಿ ಅಲ್ಲೇ ತೀರಿಕೊಂಡರು ಅಂತ ಹೇಳಿದಾಗ ಸೋಲಾಪುರದ ಅಕ್ಕ ಒಬ್ಬರು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಶುರು ಮಾಡಿದ್ದು ಭಾಷಣದಿಂದ. ಜನಸಂಖ್ಯೆ, ರಾಜಧಾನಿ, ನಾಣ್ಯ. ಮೂರನೇ ಸಭೆಗೆ ಐದು ಜನ ಬಂದರು, ಇಬ್ಬರು ನಿದ್ದೆ ಮಾಡಿದರು. ಅದೂ ಭಾನುವಾರ ಇಟ್ಟಿದ್ದೆ. ಭಾನುವಾರ ಹಳಿ ದುರಸ್ತಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ ಅಂತ ಮುಂಬೈಯಲ್ಲಿ ನಲವತ್ತು ವರ್ಷ ಬದುಕಿದವಳಿಗೆ ನೆನಪಾಗಲಿಲ್ಲ, ನೋಡಿ. ಆಮೇಲೆ ಶನಿವಾರ ಸಂಜೆ ಐದೂವರೆಗೆ ಬದಲಾಯಿಸಿದೆ.

ಜನ ಸೇರಲಿ ಅಂತ ‘ಜಪಾನ್ ದಿನ’ ಮಾಡಿದೆವು. ಕಾಗದದ ಲಾಟೀನು, ಕಾಗದದ ಕೊಕ್ಕರೆ. ನಮ್ಮ ಗುಂಪಿನ ಒಬ್ಬರು ಹಳೇ ರೇಷ್ಮೆ ಸೀರೆಯಲ್ಲಿ ಕಿಮೋನೊ ಹೊಲಿಸಿ ಮಗಳಿಗೆ ಉಡಿಸಿದ್ದರು. ಮುಂಬೈಯಲ್ಲಿ ನೆಲೆಸಿರುವ ಜಪಾನಿನ ಹೆಂಗಸೊಬ್ಬರನ್ನು ಅತಿಥಿಯಾಗಿ ಕರೆದಿದ್ದೆ. ಅವರು ಬಂದವರೇ ಆ ಹುಡುಗಿಯನ್ನು ನೋಡಿದರು, ನಕ್ಕರು, ಅವಳ ಹತ್ತಿರ ಹೋದರು. ಮೆಲ್ಲಗೆ ಸೊಂಟದ ಪಟ್ಟಿ ಬಿಚ್ಚಿ, ಬಲಗಡೆಯ ಸೆರಗನ್ನು ಒಳಗೆ ಹಾಕಿ, ಎಡಗಡೆಯದನ್ನು ಅದರ ಮೇಲೆ ತಂದು ಮತ್ತೆ ಕಟ್ಟಿದರು. ಏನೂ ಹೇಳಲಿಲ್ಲ. ನಾವು ಬಿಡಬೇಕಲ್ಲ, ಕೇಳಿದೆವು. ಸಂಕೋಚದಿಂದಲೇ ಹೇಳಿದರು: ಬದುಕಿರುವವರು ಯಾವಾಗಲೂ ಎಡ ಅಂಚನ್ನು ಮೇಲೆ ಇಟ್ಟು ಉಡುತ್ತಾರೆ, ಬಲ ಅಂಚು ಮೇಲೆ ಬರುವುದು ಹೆಣಕ್ಕೆ.

ಹುಡುಗಿಯ ತಾಯಿಯ ಮುಖ ಬಿಳಿಚಿಕೊಂಡಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆಗ ಹಿಂದಿನ ಸಾಲಿನಿಂದ ಪುರೋಹಿತರಾಗಿದ್ದ ಭಟ್ಟರು ಜೋರಾಗಿ, “ಓಹೋ, ಅಪಸವ್ಯ!” ಅಂದರು.

ಇಡೀ ಕೋಣೆಗೆ ಅರ್ಥ ಆಗಿಹೋಯಿತು. ಶ್ರಾದ್ಧದಲ್ಲಿ ಜನಿವಾರ ಬಲ ಹೆಗಲಿಗೆ ಬರುವುದನ್ನು ನೋಡದವರು ಅಲ್ಲಿ ಕಡಿಮೆ. ಭಟ್ಟರು ಶಾಲನ್ನೇ ಜನಿವಾರ ಮಾಡಿಕೊಂಡು ಎದ್ದು ನಿಂತು ಎರಡೂ ಬಗೆ ತೋರಿಸಿದರು. ಅತಿಥಿ ಇನ್ನೊಂದು ಹೇಳಿದರು. ಅನ್ನದ ಬಟ್ಟಲಲ್ಲಿ ಊಟ ಮಾಡುವ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರಿಗೆ ಇಡುವ ಅನ್ನ. ಕಡ್ಡಿಯಿಂದ ಕಡ್ಡಿಗೆ ತುತ್ತು ದಾಟಿಸಬಾರದು, ಸುಟ್ಟಮೇಲೆ ಮೂಳೆಗಳನ್ನು ಹಾಗೆ ಎತ್ತುತ್ತಾರೆ. ಕಾಲಿನ ಮೂಳೆ ಮೊದಲು, ತಲೆಯದು ಕೊನೆಗೆ, ಕುಡಿಕೆಯಲ್ಲಿ ಮನುಷ್ಯ ತಲೆಕೆಳಗಾಗಬಾರದು ಅಂತ. ಲಾಟೀನು, ಕೊಕ್ಕರೆ ಎಲ್ಲ ಮರೆತೇಹೋಯಿತು. ರಾತ್ರಿ ಎಂಟೂವರೆ ತನಕ ಸಾವಿನ ಬಗ್ಗೆ ಮಾತಾಡಿದೆವು. ಅಷ್ಟು ಖುಷಿಯಾಗಿ ಮಾತಾಡಿದ್ದು ಅದೇ ಮೊದಲು.

ಅವತ್ತಿಂದ ವೇಷಭೂಷಣ ಬಿಟ್ಟೆವು. ಒಂದು ದೇಶ, ಒಂದು ಕಥೆ ಅಥವಾ ಕಾದಂಬರಿಯ ಒಂದು ಅಧ್ಯಾಯ, ಹೆಚ್ಚೆಂದರೆ ಹನ್ನೆರಡು ಪುಟದ ಜೆರಾಕ್ಸ್, ಮತ್ತೆ ಒಂದು ಸಣ್ಣ ಕಟ್ಟಳೆ. ಊಟದ್ದೋ ಉಡುಗೆಯದ್ದೋ ಕರೆಯುವ ರೀತಿಯದ್ದೋ ಯಾವುದಾದರೂ ಸರಿ.

ಓದುವುದೇ ದೊಡ್ಡ ತಲೆನೋವು. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ದೊಡ್ಡವರಲ್ಲಿ ಜಾಸ್ತಿ ಜನಕ್ಕೆ ಇಂಗ್ಲಿಷ್ ಕಾದಂಬರಿ ಸಾಗುವುದಿಲ್ಲ. ಕನ್ನಡ ಅನುವಾದ ಸಿಕ್ಕರೆ ದೊಡ್ಡವರು ಗಟ್ಟಿಯಾಗಿ ಓದುತ್ತಾರೆ. ಸಿಗದಿದ್ದರೆ ಮಕ್ಕಳು ಇಂಗ್ಲಿಷ್ ನೋಡಿಕೊಂಡು ಅಲ್ಲೇ ಬಾಯಲ್ಲೇ ಕನ್ನಡ ಮಾಡುತ್ತಾರೆ. ತಡವರಿಸುತ್ತಾರೆ, ನಡುವೆ ಮರಾಠಿ ಬರುತ್ತದೆ. ಬರಲಿ. ಕೊರಿಯಾದ ಊಟದಲ್ಲಿ ಅನ್ನದ ಸುತ್ತ ಇಡುವ ಸಣ್ಣ ಸಣ್ಣ ಬಟ್ಟಲುಗಳಿಗೆ ಬಾಂಚಾನ್ ಅನ್ನುತ್ತಾರೆ. ಇದನ್ನು ಹೇಳಲು ಒಬ್ಬ ಹುಡುಗಿ ಒದ್ದಾಡುತ್ತಿದ್ದಾಗ ಅವಳಜ್ಜಿ, “ನೆಂಚಿಕೊಳ್ಳೋದು ಅನ್ನೇ” ಅಂದರು. ನಾನು ನಿಘಂಟು ಇಟ್ಟುಕೊಂಡು ಕೂತಿದ್ದರೂ ಆ ಮಾತು ಸಿಗುತ್ತಿರಲಿಲ್ಲ.

ಆದರೆ ಭಟ್ಟರ ಅಪಸವ್ಯದಿಂದ ಒಂದು ಹೊಸ ಕಾಯಿಲೆ ಹತ್ತಿತು. ಏನು ಓದಿದರೂ ‘ನಮ್ಮಲ್ಲೂ ಹಾಗೇ’. ಕೊರಿಯನ್ ಭಾಷೆಯಲ್ಲಿ ಅಪ್ಪನಿಗೆ ಅಪ್ಪಾ, ಅಮ್ಮನಿಗೆ ಒಮ್ಮಾ ಅನ್ನುತ್ತಾರೆ ಅಂದಿದ್ದೇ ತಡ, ಒಬ್ಬರು ಕೊರಿಯಾದವರೂ ದ್ರಾವಿಡರೇ ಅಂತ ತೀರ್ಪು ಕೊಟ್ಟರು. ಅಲ್ಲಿ ಅಣ್ಣನನ್ನು ತಂಗಿ ಕರೆಯುವ ಹೆಸರೇ ಬೇರೆ, ತಮ್ಮ ಕರೆಯುವ ಹೆಸರೇ ಬೇರೆ. ಆ ವ್ಯತ್ಯಾಸ ಯಾರ ಕಿವಿಗೂ ಬೀಳಲಿಲ್ಲ.

2024ರಲ್ಲಿ ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರಿಗೆ ನೊಬೆಲ್ ಬಂದಮೇಲೆ, ಮಾಂಸ ತಿನ್ನುವುದನ್ನು ದಿಢೀರನೆ ಬಿಡುವ ಹೆಂಗಸಿನ ಬಗ್ಗೆ ಅವರು ಬರೆದ ಕಾದಂಬರಿಯ ಒಂದು ಭಾಗ ಓದಿದೆವು. ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ. ಅಪ್ಪ ಅವಳ ಬಾಯಿಗೆ ಬಲವಂತವಾಗಿ ಮಾಂಸ ತುರುಕುತ್ತಾನೆ. ಓದಿ ಮುಗಿಯುವ ಮೊದಲೇ ಒಬ್ಬ ಮಾಮ, “ಒಳ್ಳೇ ಹುಡುಗಿ ಅಲ್ವಾ? ನಮ್ಮ ಹಾಗೇ ಆದಳು. ಇದಕ್ಯಾಕೆ ಇಷ್ಟು ರಂಪ?” ಅಂದರು.

ಇಂಗ್ಲಿಷಿನಿಂದ ಹೇಳುತ್ತಿದ್ದ ಹುಡುಗಿ ಪುಟ ಮಡಚಿ ಕೇಳಿದಳು: “ಮಾಮಾ, ನಾಳೆ ನಿಮ್ಮ ಸೊಸೆ ಈ ಮನೇಲಿ ಬಂಗಡೆ ಹುರೀತೀನಿ ಅಂದರೆ?”

ಫ್ಯಾನಿನ ಸದ್ದು ಕೇಳಿಸಿತು. ಆಮೇಲೆ ಉಡುಪಿ ಕಡೆಯ ಒಬ್ಬ ಅಕ್ಕ, ಮೀನು ತಿನ್ನುವವರು ಅಂತ ಎರಡು ಕಡೆ ಬಾಡಿಗೆಗೆ ಫ್ಲಾಟ್ ಸಿಗದ ಕಥೆ ಹೇಳಿದರು. ಹತ್ತು ವರ್ಷದಿಂದ ಪರಿಚಯ, ಒಮ್ಮೆಯೂ ಹೇಳಿರಲಿಲ್ಲ. ಮಾಮ ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳು ಬಂದರು.

ಆಮೇಲೆ ಒಂದು ನಿಯಮ ಮಾಡಿದೆ. ಮೊದಲ ಸುತ್ತಿನಲ್ಲಿ ಯಾರೂ ‘ನಮ್ಮಲ್ಲೂ ಹಾಗೇ’ ಅನ್ನಬಾರದು. ನಮ್ಮಲ್ಲಿ ಹಾಗಿಲ್ಲದ್ದು ಒಂದಾದರೂ ಹೇಳಬೇಕು. ಎರಡನೇ ಸುತ್ತಿನಲ್ಲಿ ಏನು ಬೇಕಾದರೂ ಅನ್ನಲಿ. ಸುಮ್ನೆ ಶಾಲೆಯ ಆಟದ ಹಾಗೆ ಕಾಣುತ್ತದೆ, ಆದರೆ ಜಪಾನಿನವರು ಮೂಳೆಯನ್ನು ನೀರಿಗೆ ಬಿಡದೆ ಗೋರಿಯಲ್ಲಿ ಇಡುತ್ತಾರೆ ಅನ್ನುವುದು ಭಟ್ಟರಿಗೆ ಹೊಳೆದು, ತಿರುಗಾ ಕೇಳಿದ್ದು ಈ ನಿಯಮ ಬಂದಮೇಲೇ.

ಕಳೆದ ಚಳಿಗಾಲದಲ್ಲಿ ಮಜಗಾಂವ್‌ನ ಚೀನೀ ಗುಡಿಗೆ ಹೋದೆವು. ಕಿಂಗ್ಸ್ ಸರ್ಕಲ್‌ನಲ್ಲಿ ಹಾರ್ಬರ್ ಲೈನ್ ಹತ್ತಿದರೆ ಐದನೇ ಸ್ಟೇಷನ್ ಡಾಕ್‌ಯಾರ್ಡ್ ರೋಡ್. ಮೊದಲ ಸಲ ಹೋದಾಗ ಬೀಗ. ಎರಡನೇ ಸಲ ಮೊದಲೇ ವಿಚಾರಿಸಿಕೊಂಡು ಹೋದೆವು, ಹನ್ನೊಂದು ಜನ. ಸೀ ಯಪ್ ಕೂನ್ ಅಂತ ಹೆಸರು, 1919ರದ್ದು. ಸೀ ಯಪ್ ಅಂದರೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನ ನಾಲ್ಕು ತಾಲೂಕು. ಅಲ್ಲಿಂದ ಬಂದವರು ಕಟ್ಟಿಕೊಂಡಿದ್ದು. ನಾಲ್ಕು ತಾಲೂಕಿನವರ ಸಂಘ! ಊರಿನ ಹೆಸರಲ್ಲಿ ಸಂಘ ಕಟ್ಟಿಕೊಳ್ಳುವ ಮುಂಬೈ ಕನ್ನಡದವರಿಗೆ ಇದನ್ನು ವಿವರಿಸಬೇಕೇ?

ಅಲ್ಲಿಯ ದೇವರು ಗ್ವಾನ್ ಗೊಂಗ್, ಸುಮಾರು 1800 ವರ್ಷದ ಹಿಂದೆ ಬದುಕಿದ್ದ ಸೇನಾಪತಿ. ಸೆರೆಸಿಕ್ಕು ತಲೆ ಕೊಟ್ಟವನು, ಆಮೇಲೆ ದೇವರಾದವನು. ನಮ್ಮ ಶೆಟ್ಟರ ತುಟಿಯ ಮೇಲೆ ತುಳುನಾಡಿನ ಗರಡಿಗಳಲ್ಲಿ ಪೂಜಿಸುವ ವೀರರು ಕೋಟಿ ಚೆನ್ನಯರು ಬಂದು ನಿಂತಿದ್ದು ನನಗೆ ಕಾಣುತ್ತಿತ್ತು. ನಿಯಮ ನೆನಪಾಗಿ ನುಂಗಿಕೊಂಡರು. ಬದಲಿಗೆ, “ನಮ್ಮ ಗರಡಿಯ ವೀರರನ್ನು ಯಾರೂ ಗಲ್ಲಾದ ಮೇಲೆ ಇಟ್ಟುಕೊಳ್ಳೋದಿಲ್ಲ” ಅಂದರು. ಗ್ವಾನ್ ಗೊಂಗ್‌ನನ್ನು ಅಂಗಡಿ, ಹೋಟೆಲುಗಳಲ್ಲೂ ಇಟ್ಟು ಪೂಜಿಸುತ್ತಾರೆ, ಕೊಟ್ಟ ಮಾತಿಗೆ ತಪ್ಪದವನು ಅಂತ. ಹೋಟೆಲ್ ನಡೆಸುವ ಶೆಟ್ಟರಿಗೆ ಅದು ಬಹಳ ಹಿಡಿಸಿತು.

1962ರ ಯುದ್ಧದ ಹೊತ್ತಿಗೆ ಭಾರತದ ಸುಮಾರು 3000 ಚೀನೀ ಮೂಲದವರನ್ನು ರಾಜಸ್ಥಾನದ ದೇವಳಿಯ ಶಿಬಿರದಲ್ಲಿ ಇಟ್ಟಿದ್ದರು. ಬಿಟ್ಟ ಮೇಲೆ ಎಷ್ಟೋ ಜನ ದೇಶ ಬಿಟ್ಟು ಹೋದರು. ಮುಂಬೈಯಲ್ಲೂ ಈಗ ಉಳಿದ ಮನೆಗಳು ಕಡಿಮೆ. ವಾಪಸ್ ಬರುವಾಗ ಗಾಡಿಯಲ್ಲಿ ಇದನ್ನು ಹೇಳಿದೆ. ಶಿವಡಿ ದಾಟುವಾಗ ಶೆಟ್ಟರು, “ನಾವೆಲ್ಲ ಹೋದಮೇಲೆ ನಮ್ಮ ಸಂಘಗಳ ಕೀಲಿ ಯಾರ ಹತ್ತಿರ ಇರುತ್ತೋ” ಅಂದರು. ಪಕ್ಕದಲ್ಲಿದ್ದ ಮಕ್ಕಳು ಮೊಬೈಲಿನಲ್ಲಿ ಗುಡಿಯ ಫೋಟೊ ನೋಡುತ್ತಿದ್ದರು.

ಮುಂದಿನ ತಿಂಗಳು ಇರಾನ್. ಕಿಂಗ್ಸ್ ಸರ್ಕಲ್‌ನ ಇರಾನಿ ಹೋಟೆಲಿನಲ್ಲೇ ಕೂರೋಣ ಅಂತ ಎಲ್ಲರ ಹಟ. ಹದಿನೈದು ಜನ ಒಂದೊಂದು ಚಹಾ ತೆಗೆದುಕೊಂಡು ಎರಡು ಗಂಟೆ ಕೂತರೆ ಬಿಡುತ್ತಾರಾ ಅಂತ ನಾಳೆ ಹೋಗಿ ಕೇಳಿ ಬರಬೇಕು.