ತಾರಸಿ ಸೋರುತ್ತಿದೆಯೇ? ಬಕೆಟ್ ಕೊಳ್ಳುವ ಮೊದಲು ಮೂಲೆ ನೋಡಿ

ಜೂನ್‌ನ ಮೊದಲ ಜೋರು ಮಳೆಗೆ ಚಾವಣಿಯಲ್ಲಿ ಕಂದು ಕಲೆ ಕಾಣುತ್ತದೆ. ಮಾರನೇ ದಿನವೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ 20 ಲೀಟರಿನ ವಾಟರ್‌ಪ್ರೂಫ್ ಬಕೆಟ್ ತರುತ್ತಾರೆ. ತಾರಸಿ ಗುಡಿಸಿ, ರೋಲರ್‌ನಲ್ಲಿ ಬಳಿದು, ಎಲ್ಲ ಬೆಳ್ಳಗಾಯಿತು ಅಂತ ಸಮಾಧಾನಪಡುತ್ತಾರೆ. ಅಕ್ಟೋಬರ್ ಮಳೆಗೆ ಅದೇ ಜಾಗದಲ್ಲಿ ಮತ್ತೆ ಕಲೆ. ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ನೀರು ಒಳಗಿಳಿಯುತ್ತಿದ್ದ ಜಾಗವನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಇಲ್ಲಿ ಹೇಳುವುದೆಲ್ಲ ಊರುಗಳಲ್ಲಿ ಈಗ ಹೆಚ್ಚಾಗಿರುವ ಆರ್‌ಸಿಸಿ, ಅಂದರೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿದ ತಾರಸಿಗೆ. ಮೈಸೂರು, ಬೆಂಗಳೂರಿನ ಹಳೆಯ ಮನೆಗಳ ಮದ್ರಾಸ್ ತಾರಸಿಗೆ ಇದು ಹೊಂದುವುದಿಲ್ಲ. ಅದು ಮರದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಯಿಂದ ಕಟ್ಟಿದ್ದು. ಅದಕ್ಕೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಆರದೆ ತೊಲೆ ಕೆಡುತ್ತದೆ. ಸುಣ್ಣದ ಕೆಲಸ ಗೊತ್ತಿರುವವರನ್ನೇ ಹುಡುಕಿ.

ಕೆಲಸ ಶುರು ಮಾಡಲು ಫೆಬ್ರವರಿಯಿಂದ ಮೇ ಮಧ್ಯದವರೆಗಿನ ಕಾಲ ಒಳ್ಳೆಯದು. ಈಗ ಮಳೆ ಸುರಿಯುತ್ತಿದ್ದರೆ ಸುಮ್ನೆ ಒಂದು ಟಾರ್ಪಾಲು ಹೊದಿಸಿ ಕಾಯಿರಿ. ಒದ್ದೆ ತಾರಸಿಯ ಮೇಲೆ ಬಳಿದ ಬಣ್ಣ ಸಿಪ್ಪೆ ಏಳುವುದು ಖಂಡಿತ. ಫ್ಯಾನ್ ಅಥವಾ ದೀಪದ ಪಾಯಿಂಟ್‌ನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಮೊದಲು ಆ ಲೈನಿನ ಕರೆಂಟ್ ತೆಗೆಯಿರಿ.

ನೀರು ಎಲ್ಲಿಂದ ಬರುತ್ತಿದೆ?

ಕಲೆ ಇರುವ ಜಾಗದ ನೇರ ಮೇಲೆಯೇ ತೂತು ಇರಬೇಕೆಂದಿಲ್ಲ. ನೀರು ಕಾಂಕ್ರೀಟಿನೊಳಗಿನ ವೈರಿಂಗ್ ಪೈಪ್ ಹಿಡಿದು ಹತ್ತಡಿ ಆಚೆ ಬಂದು ತೊಟ್ಟಿಕ್ಕಬಹುದು. ಮಳೆ ನಿಂತು ವಾರವಾದರೂ ಕಲೆ ಹಸಿಯಾಗೇ ಇದ್ದರೆ ಮೇಲಿನ ಟ್ಯಾಂಕ್, ಸೋಲಾರ್ ಹೀಟರಿನ ಪೈಪ್‌ಗಳನ್ನು ನೋಡಿ. ಡಿಶ್ ಆಂಟೆನಾ, ಸೋಲಾರ್ ಸ್ಟ್ಯಾಂಡ್, ಬಟ್ಟೆ ಒಣಹಾಕುವ ಕಂಬ ಇವುಗಳ ಬೋಲ್ಟ್‌ಗೆ ಕೊರೆದ ತೂತುಗಳನ್ನೂ ಬಿಡಬೇಡಿ.

ಆಮೇಲೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿ. ತಾರಸಿಯ ಸುತ್ತಲಿನ ಮೋಟು ಗೋಡೆಯಿಂದ (ಪ್ಯಾರಾಪೆಟ್) ಒಂದಡಿ ಒಳಗೆ ಮಣ್ಣಿನ ಅಥವಾ ಸಿಮೆಂಟ್ ಕಡಿಮೆ ಹಾಕಿದ ಗಾರೆಯ ಸಣ್ಣ ಬದು ಕಟ್ಟಿ, ನಡುವೆ ಮಾತ್ರ ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಡಿ. ಕೆಳಗೆ ಹೊಸ ತೇವ ಕಾಣದಿದ್ದರೆ ಬದು ಒಡೆದು ನೀರನ್ನು ಗೋಡೆಯ ಬುಡಕ್ಕೆ ಬಿಡಿ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಬಟ್ಟೆ ತುರುಕಿರಿ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ತೇವ ಕಾಣಿಸಿಕೊಂಡಿದ್ದು ಈ ಎರಡನೇ ದಿನವೇ. ಒಂದು ಇಂಚು ನೀರೆಂದರೆ ಚದರ ಮೀಟರ್‌ಗೆ 25 ಕಿಲೋ ಭಾರ. ಎರಡು ಇಂಚು ಮೀರಿಸಬೇಡಿ.

ಒಳಗಿನಿಂದ ನೋಡಿದಾಗ ಚಾವಣಿಯ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬೇಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಕಾಂಕ್ರೀಟನ್ನು ಒಳಗಿನಿಂದಲೇ ಸೀಳಿಬಿಡುತ್ತದೆ. ಅಂಥ ಮನೆಗೆ ಸಿವಿಲ್ ಎಂಜಿನಿಯರ್ ಬಂದು ನೋಡಬೇಕು.

ಕೆತ್ತಿ ತೊಳೆಯುವುದು

ಸುತ್ತಿಗೆಯ ಹಿಡಿಯಿಂದ ತಾರಸಿಯನ್ನೆಲ್ಲ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಷ್ಟನ್ನೂ ಕೆತ್ತಿ ತೆಗೆಯಿರಿ. ಹಳೆಯ ಬಣ್ಣದ ಸಿಪ್ಪೆ, ಪಾಚಿ, ಧೂಳು ಎಲ್ಲವನ್ನೂ ತಂತಿ ಬ್ರಷ್‌ನಲ್ಲಿ ಉಜ್ಜಿ, ಜೋರು ನೀರಿನಲ್ಲಿ ತೊಳೆಯಿರಿ. ಅಂಗೈ ಒರೆಸಿದರೆ ಬಿಳಿ ಪುಡಿ ಹತ್ತಬಾರದು.

ಮಳೆ ನಿಂತು ಎರಡು ದಿನವಾದರೂ ಅಲ್ಲಲ್ಲಿ ನೀರು ನಿಂತಿರುತ್ತಿದ್ದರೆ ವಾಟ ಸರಿಯಿಲ್ಲ ಎಂದರ್ಥ. ಹತ್ತಡಿಗೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಜಾರು ಬೇಕೇ ಬೇಕು. ಒಂದೆರಡು ತಗ್ಗುಗಳಾದರೆ ಅಲ್ಲಿ ಮಾತ್ರ ಗಾರೆ ತುಂಬಬಹುದು. ಇಡೀ ತಾರಸಿಯೇ ತಗ್ಗಾಗಿದ್ದರೆ ಹಳೆಯ ಪದರ ಕಿತ್ತು ಹೊಸದಾಗಿ ವಾಟ ಕೊಡಿಸಬೇಕು. ಹಳೆಯದರ ಮೇಲೇ ಇನ್ನೊಂದು ಪದರ ಹಾಕೋಣ ಅನ್ನುವ ಮೇಸ್ತ್ರಿಯ ಮಾತು ಕೇಳಬೇಡಿ. ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಪದರ ಚದರ ಮೀಟರ್‌ಗೆ 150 ಕಿಲೋಗಿಂತ ಹೆಚ್ಚು ತೂಗುತ್ತದೆ. ಅಂಥ ಎರಡು ಪದರ ಹೊರುವ ಲೆಕ್ಕದಲ್ಲಿ ಮನೆಯ ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕಿರುವುದಿಲ್ಲ.

ಗೋಡೆಯ ಬುಡ: ಇಲ್ಲಿ ಆತುರ ಬೇಡ

ಪ್ಯಾರಾಪೆಟ್ ಇಟ್ಟಿಗೆಯದು ಅಥವಾ ಬ್ಲಾಕಿನದು, ತಾರಸಿ ಕಾಂಕ್ರೀಟಿನದು. ಮೋಲ್ಡ್ ಆಗಿ ಎಷ್ಟೋ ದಿನದ ಮೇಲೆ ಗೋಡೆ ಎದ್ದಿರುತ್ತದೆ. ಬಿಸಿಲಿಗೆ ತಾರಸಿ ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ಕಾಂಕ್ರೀಟ್ 20 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆ ಅಷ್ಟೇ ಹಿಗ್ಗುವುದಿಲ್ಲ. ದಿನಾ ನಡೆಯುವ ಈ ಎಳೆದಾಟದಲ್ಲಿ ಇಬ್ಬರ ನಡುವಿನ ಸಂದು ಬಾಯಿ ಬಿಡುತ್ತದೆ. ಮೇಲಿನ ಪ್ಲಾಸ್ಟರ್ ಚೆನ್ನಾಗೇ ಕಾಣುತ್ತಿರುತ್ತದೆ. ನೀರು ಅದರ ಹಿಂದೆ ಇಳಿಯುತ್ತಿರುತ್ತದೆ.

ಆದ್ದರಿಂದ ಗೋಡೆಯ ಬುಡದ ಪ್ಲಾಸ್ಟರನ್ನು ನಾಲ್ಕು ಇಂಚು ಎತ್ತರಕ್ಕೆ, ತಾರಸಿಯ ಗಾರೆಯನ್ನು ನಾಲ್ಕು ಇಂಚು ಅಗಲಕ್ಕೆ ಕೆತ್ತಿಸಿ, ಸಂದು ಕಣ್ಣಿಗೆ ಕಾಣುವಂತೆ ಮಾಡಿ. ಅಷ್ಟು ಯಾಕೆ ಸಾರ್, ಮೇಲೇ ಮುಚ್ಚಿಬಿಡ್ತೀನಿ ಅಂತಾರೆ ಮೇಸ್ತ್ರಿ. ಒಪ್ಪಬೇಡಿ. ಸಂದನ್ನು ಉಳಿಯಿಂದ ಸುಮಾರು 10 ಮಿಲಿಮೀಟರ್ ಅಗಲ, ಅಷ್ಟೇ ಆಳ ಬಿಡಿಸಿ. ಬ್ರಷ್ ಹಾಕಿ ಒಳಗಿನ ಪುಡಿ ತೆಗೆಯಿರಿ. ಅದು ಪೂರ್ತಿ ಒಣಗಿದ ಮೇಲೆ ಪಾಲಿಯುರಿಥೇನ್ ಸೀಲೆಂಟ್ ತುಂಬಿ. ಗನ್ನಿನಲ್ಲಿ ಒತ್ತಿ ತುಂಬುವ, ಒಣಗಿದ ಮೇಲೂ ರಬ್ಬರಿನಂತೆ ಎಳೆದಾಡುವ ಜಾತಿಯದು. ಇಲ್ಲಿ ಬರೀ ಸಿಮೆಂಟ್ ತುಂಬಿದರೆ ಮುಂದಿನ ಬೇಸಿಗೆಗೇ ಬಿರುಕು ಬಿಡುತ್ತದೆ. ಎಪಾಕ್ಸಿ ಪುಟ್ಟಿಯೂ ಬೇಡ, ಅದು ಗಟ್ಟಿ ಜಾಸ್ತಿ, ಬಾಗುವುದೇ ಇಲ್ಲ. ಮರಗೆಲಸದ ಬಿಳಿ ಅಂಟನ್ನು ಬಿಳಿ ಸಿಮೆಂಟಿಗೆ ಕಲಸಿ ಮೆತ್ತುವವರೂ ಇದ್ದಾರೆ. ಆ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ, ತಾರಸಿಗೆ ಅದನ್ನು ಯಾವತ್ತೂ ತರಬೇಡಿ.

ಸೀಲೆಂಟ್ ಗಟ್ಟಿಯಾಗಲು ಡಬ್ಬಿಯಲ್ಲಿ ಬರೆದಷ್ಟು ದಿನ ಬಿಡಿ. ಆಮೇಲೆ ಮೂಲೆಗೆ ಇಳಿಜಾರು ಗಾರೆ. ಗೋಡೆ ಮತ್ತು ತಾರಸಿ ಸೇರುವ ಚೂಪು ಮೂಲೆಯಲ್ಲಿ ಯಾವ ಪದರವೂ ಸರಿಯಾಗಿ ಕೂರುವುದಿಲ್ಲ, ಹರಿಯುತ್ತದೆ. ಮೂಲೆ ಗುಂಡಗಾಗಬೇಕು. ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಮರಳು, ಕಲಸುವ ನೀರಿನಲ್ಲಿ ಲ್ಯಾಟೆಕ್ಸ್ (ಗಾರೆಗೆ ಬೆರೆಸುವ ಹಾಲಿನಂಥ ರಬ್ಬರ್ ದ್ರವ). ಮೊದಲು ಮೂಲೆಯನ್ನು ನೀರು ಚಿಮುಕಿಸಿ ತೇವ ಮಾಡಿ, ಲ್ಯಾಟೆಕ್ಸ್ ಮತ್ತು ಸಿಮೆಂಟ್ ಕಲಸಿದ ತೆಳು ಬಗ್ಗಡವನ್ನು ಬ್ರಷ್‌ನಲ್ಲಿ ಹಚ್ಚಿ. ಅದು ಅಂಟಂಟಾಗಿರುವಾಗಲೇ ಗಾರೆ ಇಡಬೇಕು. ಒಣಗಿಬಿಟ್ಟರೆ ಮತ್ತೆ ಹಚ್ಚಿ, ಇಲ್ಲದಿದ್ದರೆ ಗಾರೆ ಹಿಡಿಯುವುದಿಲ್ಲ. ಗೋಡೆಯ ಮೇಲೆ ಎರಡು ಇಂಚು, ತಾರಸಿಯ ಮೇಲೆ ಎರಡು ಇಂಚು ಬರುವಂತೆ ಗಾರೆ ಇಟ್ಟು, ಮೂರು ಇಂಚಿನ ಪಿವಿಸಿ ಪೈಪಿನ ತುಂಡನ್ನು ಅದರ ಮೇಲೆ ಒತ್ತಿ ಎಳೆಯಿರಿ. ಒಂದೇ ಸಮನಾದ ಬಾಗು ಬರುತ್ತದೆ. ಕರಣೆಗಿಂತ ಇದೇ ಸಲೀಸು. ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಏಳು ದಿನ ನೀರುಣಿಸಿ. ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಒಂದು ಸಲ ನೀರು ಹಾಕಿದರೆ ಸಾಲದು, ಚೀಲ ಮುಟ್ಟಿದರೆ ಕೈ ಒದ್ದೆಯಾಗಬೇಕು.

ಪೈಪಿನ ಬಾಯಿ

ಪಿವಿಸಿ ನುಣುಪು. ಅದಕ್ಕೆ ಸಿಮೆಂಟ್ ಅಂಟುವುದಿಲ್ಲ, ಸುತ್ತ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಮಳೆ ನೀರೆಲ್ಲ ಹರಿದು ಬರುವುದು ಅಲ್ಲಿಗೇ ಅಲ್ವಾ? ಪೈಪಿನ ಸುತ್ತ ಎರಡು ಇಂಚು ಕೆತ್ತಿಸಿ, ಪೈಪಿನ ಮೈಯನ್ನು ಒರಟು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಣಗಿದರೂ ಕುಗ್ಗದ ಸಿಮೆಂಟ್ ಗ್ರೌಟ್ (ಸಂದಿಗೆ ಸುರಿಯುವ ತೆಳು ಗಾರೆ) ತುಂಬಿಸಿ. ಮೇಲೆ ಸೀಲೆಂಟಿನ ಒಂದು ಸುತ್ತು. ಪೈಪಿನ ಅಂಚು ತಾರಸಿಗಿಂತ ಎತ್ತರದಲ್ಲಿದ್ದರೆ ಕತ್ತರಿಸಿ ತಗ್ಗಿಸಿ. ಜಾಲರಿ ಎತ್ತಿ ತೊಳೆಯಲು ಬರುವಂತಿರಲಿ.

ನಡುವಿನ ಬಿರುಕುಗಳು

ಬಿರುಕನ್ನು ವಿ ಆಕಾರಕ್ಕೆ ಬಿಡಿಸಿ, ತೊಳೆದು, ಲ್ಯಾಟೆಕ್ಸ್ ಗಾರೆ ತುಂಬಿ. ಗೋಡೆಯಿಂದ ಗೋಡೆಗೆ ಹೋಗುವ ಉದ್ದನೆಯ ಬಿರುಕಾದರೆ ಸೀಲೆಂಟ್ ತುಂಬಿ.

ಬಣ್ಣ ಬಳಿಯುವುದು

ಈಗ ಬಕೆಟ್ ಕೊಳ್ಳಬಹುದು. ಮೊದಲು ತಾರಸಿ ಒಣಗಿದೆಯೇ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ತಾರಸಿಗೆ ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ನೀರಿನ ಹನಿ ಕಂಡರೆ, ಅಥವಾ ನೆಲ ಕಪ್ಪಾಗಿದ್ದರೆ ಇನ್ನೂ ಬಿಸಿಲು ಕಾಯಬೇಕು.

ಗೋಡೆಗೆ ಹಚ್ಚುವ ಹೊರಾಂಗಣ ಬಣ್ಣವನ್ನು, ಅದರ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದ್ದರೂ, ತಾರಸಿಗೆ ಹಾಕಬೇಡಿ. ನಿಂತ ನೀರನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಡಾಂಬರನ್ನು ಬಿಸಿಲಿಗೆ ಬಿಟ್ಟರೆ ಒಡೆಯುತ್ತದೆ, ಮನೆಯೂ ಬಿಸಿಯಾಗುತ್ತದೆ. ತಾರಸಿಗೆಂದೇ ಬರುವ, ಎಳೆದರೆ ಹಿಗ್ಗುವ ಬಿಳಿ ಅಕ್ರಿಲಿಕ್ ಅಥವಾ ಪಾಲಿಯುರಿಥೇನ್ ಬೆರೆತ ಬಣ್ಣ ತೆಗೆದುಕೊಳ್ಳಿ. ಬಿಳಿಯೇ ಇರಲಿ, ಬಿಸಿ ಕಡಿಮೆಯಾದಷ್ಟೂ ತಾರಸಿಯ ಹಿಗ್ಗಾಟ ಕಡಿಮೆ.

ಮೋಸ ಹೆಚ್ಚು ನಡೆಯುವುದು ಅಳತೆಯಲ್ಲಿ. ಒಂದು ಲೀಟರ್ ಬಣ್ಣವನ್ನು ಒಂದು ಚದರ ಮೀಟರ್‌ಗೆ, ಅಂದರೆ ಸುಮಾರು 11 ಚದರಡಿಗೆ ಹರಡಿದರೆ ಹಸಿಯಿದ್ದಾಗ 1 ಮಿಲಿಮೀಟರ್ ದಪ್ಪ. ಅದರಲ್ಲಿ ಅರ್ಧ ಆರಿಹೋದರೆ ಉಳಿಯುವುದು ಅರ್ಧ ಮಿಲಿಮೀಟರ್. ಒಂದೇ 20 ಲೀಟರ್ ಬಕೆಟ್‌ನಲ್ಲಿ ಸಾವಿರ ಚದರಡಿ ಮುಗಿಸಿದೆ ಅಂದರೆ ಮೇಲೆ ನಿಂತಿರುವುದು ಕಾಗದದಷ್ಟು ದಪ್ಪದ ಪದರ. ಎಷ್ಟು ಚದರಡಿಗೆ ಎಷ್ಟು ಅಂತ ಬಕೆಟ್ ಮೇಲೇ ಬರೆದಿರುತ್ತದೆ. ಲೆಕ್ಕ ಹಾಕಿ ನೀವೇ ತರಿಸಿ, ಖಾಲಿ ಬಕೆಟ್‌ಗಳನ್ನು ಎಣಿಸಿ.

ಬೆಳಿಗ್ಗೆ ಬೇಗ ಅಥವಾ ನಾಲ್ಕು ಗಂಟೆಯ ಮೇಲೆ ಬಳಿಯಿರಿ. ಕಾದ ನೆಲಕ್ಕೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಮೊದಲು ನೀರು ಬೆರೆಸಿದ ತೆಳು ಕೋಟ್. ಆಮೇಲೆ ಮೂಲೆಗಳಿಗೆ, ಪೈಪಿನ ಸುತ್ತ, ಬಿರುಕುಗಳ ಮೇಲೆ ಗಟ್ಟಿ ಕೋಟ್ ಹಚ್ಚಿ, ಅದು ಹಸಿಯಿದ್ದಾಗಲೇ ಫೈಬರ್ ಗ್ಲಾಸ್ ಬಲೆ ಕೂರಿಸಿ, ಮೇಲೆ ಇನ್ನೊಂದು ಸಲ ಬಳಿಯಿರಿ. ಬಲೆಯ ಎಳೆಗಳು ಕಾಣಬಾರದು. ಬಲೆ ಮಡಿಚಿಕೊಂಡರೆ ಅಲ್ಲೇ ನೀರು ನುಗ್ಗುತ್ತದೆ, ಕಿತ್ತು ಮತ್ತೆ ಹಾಕಿ. ಬಣ್ಣ ಗೋಡೆಯ ಮೇಲೆ ಒಂದಡಿ ಏರಬೇಕು, ಪೈಪಿನೊಳಗೆ ಎರಡು ಇಂಚು ಇಳಿಯಬೇಕು. ಉಳಿದ ಜಾಗಕ್ಕೆ ಎರಡು ಕೋಟ್, ಒಂದು ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಂದು ಅಡ್ಡಕ್ಕೆ.

ಮಲೆನಾಡು, ಕರಾವಳಿಯವರಿಗೆ ಮಾತ್ರ ನನ್ನ ಸಲಹೆ ಬೇರೆ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಗೆ ಬಣ್ಣವನ್ನು ನಂಬಿ ಕೂರಬೇಡಿ. ಸಂದುಗಳನ್ನು ಸರಿಮಾಡಿಸಿ, ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟ್ ಹಾಕಿಸಿಬಿಡಿ. ಅಡಿಕೆ, ಬಟ್ಟೆ ಒಣಗಿಸಲೂ ಜಾಗವಾಗುತ್ತದೆ. ಕಂಬದ ಬೋಲ್ಟನ್ನು ತಾರಸಿಗೆ ಕೊರೆಯದೆ ಸಿಮೆಂಟಿನ ದಿಮ್ಮಿ ಕಟ್ಟಿ ಅದರಲ್ಲಿ ಕೂರಿಸಲಿ. ಅಲ್ಲಿನ ಗಾಳಿಗೆ ಎಷ್ಟು ದೊಡ್ಡ ದಿಮ್ಮಿ ಬೇಕೆಂದು ಫ್ಯಾಬ್ರಿಕೇಶನ್‌ನವರ ಹತ್ತಿರ ಮೊದಲೇ ಲೆಕ್ಕ ಹಾಕಿಸಿ.

ಕೊನೆಗೆ

ಏಳು ದಿನ ಒಣಗಲು ಬಿಟ್ಟು ಮತ್ತೆ ನೀರು ನಿಲ್ಲಿಸಿ. ಈ ಸಲ ಗೋಡೆಯಿಂದ ಗೋಡೆಗೆ, 48 ಗಂಟೆ. ಮೇಸ್ತ್ರಿಯ ಕೊನೆಯ ಕಂತು ಇದಾದ ಮೇಲೆಯೇ ಕೊಡುವುದು ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

ಕೆಳಗಿನ ಚಾವಣಿಯ ಕಲೆಗೆ ಆತುರಪಟ್ಟು ಬಣ್ಣ ಹೊಡೆಸಬೇಡಿ. ಕಾಂಕ್ರೀಟಿನೊಳಗಿನ ತೇವ ಆರಲು ವಾರಗಳೇ ಬೇಕು, ಅದು ಹೊರಬರಲು ಈಗ ಉಳಿದಿರುವ ದಾರಿ ಕೆಳಗಿನದೊಂದೇ. ಒಳಗಿನಿಂದ ವಾಟರ್‌ಪ್ರೂಫ್ ಪುಟ್ಟಿ ಮೆತ್ತಿ ಆ ದಾರಿಯನ್ನೂ ಮುಚ್ಚಿದರೆ ತೇವ ಕಂಬಿಗೆ ತಾಗುತ್ತಾ ಅಲ್ಲೇ ಉಳಿಯುತ್ತದೆ. ಬೂಷ್ಟನ್ನೂ ಬಿಳಿ ಉಪ್ಪನ್ನೂ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು, ಕಿಟಕಿ ತೆರೆದಿಡಿ. ಅದೇ ಪ್ಲಾಸ್ಟಿಕ್ ಹಾಳೆಯನ್ನು ಚಾವಣಿಗೆ ಅಂಟಿಸಿ ನೋಡಿ. ಬೆಳಿಗ್ಗೆ ಹನಿ ಇಲ್ಲದಿದ್ದರೆ ಪೇಂಟರನ್ನು ಕರೆಸಬಹುದು.